ಬೂದಿ ಇಟ್ಟಿಗೆಗೆ ನೀರು

ಮದೀಹಾ ತಾಡಪಾಲು ಎತ್ತಿದಾಗ ಕೆಳಗಿನ ನೆಲವೆಲ್ಲ ಕೆಸರಾಗಿತ್ತು. ನಿನ್ನೆ ಹಾಕಿದ ಇಟ್ಟಿಗೆಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅತ್ತ ಬೇಲಿಯ ಬಳಿ ಅವಳಪ್ಪ ಇಮಾಮ್‌ಸಾಬ್ ಪೈಪು ಸುತ್ತುತ್ತಿದ್ದ.

"ಏನ್ ಮಾಡಿದ್ರಿ ಅಬ್ಬಾಜಿ?"

"ನೀರು ಬಿಟ್ಟೆ ಬೇಟಿ. ಪಾಪ, ಒಣಗ್ತಾ ಬಿದ್ದಿದ್ವು. ನಿಂಗೆ ಮರೆತೋಗೈತೇನೋ ಅಂತ ನಾನೇ ಬಿಟ್ಟೆ."

ಜಗಳೂರಿನಲ್ಲಿ ಕುಡಿಯುವ ನೀರಿಗೆ ಕೊಡಗಳು ಸಾಲು ನಿಂತರೂ ಇಟ್ಟಿಗೆಗೆ ನೀರು ತಪ್ಪಿಸುವವರಿಲ್ಲ. ಸಿಮೆಂಟು ನೀರು ಕುಡಿದಷ್ಟೂ ಗಟ್ಟಿ ಎನ್ನುವುದು ಇಮಾಮ್‌ಸಾಬನಿಗೆ ಅವನಪ್ಪ ಕಲಿಸಿದ ವಿದ್ಯೆ. ಆ ವಿದ್ಯೆಯಿಂದಲೇ ಮಗಳನ್ನು ದಾವಣಗೆರೆಯಲ್ಲಿ ಸಿವಿಲ್ ಓದಿಸಿದ್ದ. ಆದರೆ ಮದೀಹಾಳ ಇಟ್ಟಿಗೆಯಲ್ಲಿ ಸಿಮೆಂಟಿಗಿಂತ ಹಾರುಬೂದಿಯೇ ಹೆಚ್ಚು. ಅಷ್ಟು ಬೂದಿ ತಾನಾಗಿ ಗಟ್ಟಿಯಾಗದು, ಮನೆ ಅಳಿಯನಂತೆ ಸುಮ್ಮನೆ ಕೂತಿರುತ್ತದೆ. ಅದನ್ನು ಎಬ್ಬಿಸಲು ಕ್ಷಾರದ ನೀರು ಬೆರೆಸಿ, ಕೆಲವು ದಿನ ತಾಡಪಾಲಿನಡಿ ಬೆವರಲು ಬಿಡಬೇಕು. ಹಸಿಯಲ್ಲೇ ಮೇಲಿಂದ ನೀರು ಸುರಿದರೆ ಕ್ಷಾರವೆಲ್ಲ ತೊಳೆದುಹೋಗುತ್ತದೆ. ಇದನ್ನು ಅಪ್ಪನಿಗೆ ಹೇಳಿದ್ದಳು. ಅವನು ಹೂಂ ಅಂದಿದ್ದ. ಹೂಂ ಅನ್ನಲು ಏನು ಖರ್ಚು?

ಅಪ್ಪ ಮಗಳ ನಡುವೆ ಮಾತಾಗಿದ್ದು ಇಷ್ಟು. ಶಾಲೆಯ ಕಾಂಪೌಂಡು ಕಟ್ಟಿಸುವ ಗುತ್ತಿಗೆದಾರ ಭೀಮೇಶ್ ಈ ಇಟ್ಟಿಗೆ ಒಪ್ಪಿದರೆ ಅಪ್ಪನ ಇಟ್ಟಿಗೆ ಯಾರ್ಡು ಮದೀಹಾಳ ಕೈಗೆ. ಒಪ್ಪದಿದ್ದರೆ ಹೊನ್ನಾಳಿಯ ಸಂಬಂಧಕ್ಕೆ ಅವಳು ತಲೆಯಾಡಿಸಬೇಕು. ಷರತ್ತು ಹಾಕಿದ್ದು ಅವಳೇ. ತನ್ನ ಬೂದಿಯ ಮೇಲೆ ಅಷ್ಟು ನಂಬಿಕೆ. ಈಗ ಹೊಸದಾಗಿ ಹಾಕೋಣವೆಂದರೆ ತರಿಸಿದ ಕ್ಷಾರ ಮುಗಿದಿತ್ತು.

ವಾರ ಕಳೆಯುವಷ್ಟರಲ್ಲಿ ಭೀಮೇಶ್ ಬಂದ. ಎಲ್ಲ ಗುತ್ತಿಗೆದಾರರಂತೆ ಒಂದು ಇಟ್ಟಿಗೆಯನ್ನು ಸೊಂಟದೆತ್ತರಕ್ಕೆ ಎತ್ತಿ ಕೈಬಿಟ್ಟ. ಅದು ಬಿದ್ದಲ್ಲೇ ಪುಡಿಯಾಯಿತು.

"ಇದು ಇಟ್ಟಿಗೆನೋ ರಾಗಿಮುದ್ದೆನೋ ಸಾಬ್ರೇ?"

"ಹುಡುಗಿ ಆಟಕ್ಕೆ ಮಾಡಿದ್ದು ಬಿಡ್ರಿ," ಎಂದ ಇಮಾಮ್‌ಸಾಬ್. "ನಮ್ಮ ಹಳೇ ಮಾಲು ಐತಲ್ಲ."

ಮದೀಹಾ ಬಿದ್ದ ಪುಡಿಯನ್ನು ಕೈಗೆತ್ತಿಕೊಂಡಳು. "ನೀರು ಬಿಟ್ಟಿದ್ದಕ್ಕೆ ಹಿಂಗಾಗೈತೆ. ಬಿಡಬ್ಯಾಡ್ರಿ ಅಂತ ಹೇಳಿದ್ದೆ."

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಭೀಮೇಶ್ ನಕ್ಕ. "ನೀರು ಹಾಕಿದ್ರೆ ಕೆಡೋ ಇಟ್ಟಿಗೇಲಿ ಕಾಂಪೌಂಡು ಹೆಂಗ್ ಕಟ್ಟಲವ್ವಾ? ಮಳೆ ಬಂದ್ರೆ?"

ಒಮ್ಮೆ ಗಟ್ಟಿಯಾದರೆ ಮಳೆಯೇನು, ಕೆರೆಯಲ್ಲಿ ಮುಳುಗಿಸಿಟ್ಟರೂ ಏನೂ ಆಗದು ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಹಳೇ ಮಾಲಿನ ಕಡೆ ನಡೆದಿದ್ದರು.

ಸಂಜೆ ಇಮಾಮ್‌ಸಾಬ್ ತಾನೇ ಚಹಾ ತಂದುಕೊಟ್ಟ. "ಬೇಜಾರ್ ಮಾಡ್ಕೋಬ್ಯಾಡ. ನಾನು ಒಳ್ಳೇದಕ್ಕೇ ಬಿಟ್ಟಿದ್ದು."

"ಗೊತ್ತೈತೆ ಅಬ್ಬಾಜಿ."

ಗೊತ್ತಿತ್ತು, ಸಂಕಟವೂ ಅದೇ. ಕೆಡಿಸಲೆಂದೇ ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಪ್ರೀತಿಯಿಂದ ಹಾಳು ಮಾಡಿದವರ ಮೇಲೆ ಯಾವ ಬಾಯಿಂದ ಕೂಗಾಡುವುದು?

"ನಾಳೆ ಹೊನ್ನಾಳಿಯವರು ಬರ್ತಾರೆ," ಎಂದ ಅವನು, ಮುಖ ನೋಡದೆ. "ಗೇಟಿನ ಮುಂದೆ ಗುಂಡಿ ಬಿದ್ದೈತೆ. ಕಾರು ಸಿಕ್ಕೊಂಡೀತು. ಈ ಇಟ್ಟಿಗೆನಾದ್ರೂ ತುಂಬಣ."

ಅವನು ಬುಟ್ಟಿಯಲ್ಲಿ ಹೊತ್ತು ತಂದು ಸುರಿದ. ಮದೀಹಾ ಗುದ್ದಲಿಯ ಹಿಂಬದಿಯಿಂದ ಒಡೆದು ಮಟ್ಟ ಮಾಡಿದಳು.

"ಇನ್ನೊಂಚೂರು ಬಡಿ," ಎಂದ ಅಪ್ಪ.

ಅವಳು ಬಡಿದಳು.