ಎಚ್ಚರವಿದ್ದವರ ಕಿಟಕಿ

ಗೋಡೆಗೆ ಮುಖ ಮಾಡಿಸಿಟ್ಟಿದ್ದ ಚಿತ್ರಗಳನ್ನು ಮೈದುನ ಒಂದೊಂದಾಗಿ ಈ ಕಡೆ ತಿರುಗಿಸತೊಡಗಿದಾಗ, ಚಿತ್ರಕಾರನ ಹೆಂಡತಿ ಗಂಡನ ಹೆಣದ ಪಕ್ಕದಿಂದಲೇ ಗದರಿದಳು.

"ಬಿಡೋ, ಹಾಗೇ ಇರ್ಲಿ."

"ಬಂದೋರು ನೋಡ್ಬೇಡ್ವಾ ಅತ್ತಿಗೆ? ಅಣ್ಣ ಜೀವಮಾನವೆಲ್ಲ ಬರೆದಿದ್ದು ಇವನ್ನೇ."

ಅದೇ ಅವಳ ಹೊಟ್ಟೆಯುರಿ. ಅವನು ಬರೆದದ್ದೆಲ್ಲ ರಾತ್ರಿ. ಕತ್ತಲ ಗುಡ್ಡ, ಕತ್ತಲ ಕೆರೆ, ಕತ್ತಲ ಬೀದಿ. ಎಲ್ಲೋ ಮೂಲೆಯಲ್ಲೊಂದು ಮನೆ, ಅದಕ್ಕೊಂದು ಹಳದಿ ಕಿಟಕಿ. ಹಗಲೆಲ್ಲ ತುಟಿ ಬಿಚ್ಚದ ಮನುಷ್ಯ ಮನಸ್ಸು ಬಿಚ್ಚುವುದು ಇಲ್ಲೇ ಎಂದು ಜನ ಹೊಗಳುತ್ತಿದ್ದರು. ಹೊಗಳುವವರಿಗೇನು, ಅವರ ಗಂಡನೇ?

ಇವತ್ತು ಅವನ ಚಿತ್ರಗಳಿಗೆಲ್ಲ ಕಟ್ಟು ಹಾಕುತ್ತಿದ್ದ ಫ್ರೇಮಿನಂಗಡಿಯವಳೂ ಬರುತ್ತಾಳೆ. ತನ್ನ ಕಿಟಕಿಯನ್ನು ಕಣ್ತುಂಬ ನೋಡಿಕೊಂಡು ಹೋಗಲು ಅವಳನ್ನು ಬಿಡಬಾರದು.

*

ಕಿಟಕಿಯನ್ನು ಅವನು ಕೊನೆಗೆ ಬರೆಯುತ್ತಿದ್ದ. ಉಗುರಿನಷ್ಟು ಜಾಗ ಖಾಲಿ ಬಿಟ್ಟು, ಹೆಂಡತಿಯನ್ನು ಆಚೆ ಕಳಿಸಿ, ಬೆರಳ ತುದಿಯಿಂದ ಹಳದಿ ಒತ್ತುತ್ತಿದ್ದ.

"ಅಲ್ಲಿ ಯಾರಿದಾರೆ?" ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು.

"ಎಚ್ಚರ ಇರೋರು."

ದಿಂಬಿಗೆ ತಲೆ ಕೊಟ್ಟರೆ ಗೊರಕೆ ಹೊಡೆಯುವ ಹೆಂಡತಿಗೆ ಆ ಮಾತು ಕೆನ್ನೆಗೆ ಬಾರಿಸಿದಂತಾಯಿತು. ಅವನು ಸ್ನಾನಕ್ಕೆ ಹೋದದ್ದೇ ತಡ, ಒಣಗಿದ ಚಿತ್ರವೊಂದರ ಕಿಟಕಿಗೆ ಕಪ್ಪು ಶೂ ಪಾಲಿಷ್ ಮೆತ್ತಿದಳು. ಚಿತ್ರ ಫ್ರೇಮಿನಂಗಡಿಗೆ ಹೋಗಿ ವಾಪಸಾದಾಗ ಕಿಟಕಿ ಮತ್ತೆ ಬೆಳಗುತ್ತಿತ್ತು. ಕಿಟಕಿಯೊಳಗೆ ಎಚ್ಚರವಿರುವವಳು ಯಾರೆಂದು ಹೆಂಡತಿಗೆ ಆಗಲೇ ತೀರ್ಮಾನವಾಯಿತು.

*

ಫ್ರೇಮಿನಂಗಡಿಯವಳು ಊದಿದ ಕಣ್ಣಲ್ಲಿ ಬಂದು, ಮೈದುನ ಆಗಲೇ ತಿರುಗಿಸಿಬಿಟ್ಟಿದ್ದ ಆ ಪಾಲಿಷಿನ ಚಿತ್ರದ ಮುಂದೆಯೇ ನೇರ ನಿಂತಳು.

"ನಿನ್ನ ಕಿಟಕಿ ನೋಡ್ಕೊಳ್ಳೋಕೆ ಬಂದ್ಯಾ?" ಹೆಂಡತಿ ಹಲ್ಲು ಕಚ್ಚಿ ಕೇಳಿದಳು.

"ನಂದಾ?" ಅವಳು ಕಕ್ಕಾಬಿಕ್ಕಿಯಾದಳು. "ನಿಮ್ದಲ್ವಾ ಅಕ್ಕ?"

"ನಂದಾಗಿದ್ರೆ ಪಾಲಿಷ್ ಯಾಕೆ ಬಳೀತಿದ್ದೆ?"

"ಓ, ಅದು ನೀವಾ! ಕಿಟಕಿ ಮುಚ್ಚಿಹೋಯ್ತಲ್ಲ ಅಂತ ಅವತ್ತು ನಂಗೆಷ್ಟು ಖುಷಿಯಾಗಿತ್ತು ಗೊತ್ತಾ? ಆದ್ರೆ ಅವರ ಮುಖ ಸಪ್ಪಗಾಗಿದ್ದು ನೋಡಕ್ಕಾಗ್ಲಿಲ್ಲ. ಎಣ್ಣೆಬಟ್ಟೇಲಿ ಒರೆಸಿಕೊಟ್ಟೆ."

"ನಿಂಗ್ಯಾಕೇ ಖುಷಿ?"

ಅವಳು ಅಳುತ್ತ ಸೆರಗಿನ ತುದಿ ಹಿಂಡಿದಳು. "ಅಷ್ಟು ವರ್ಷ ಅಂಗಡಿಗೆ ಬಂದ್ರು. ಒಂದು ದಿನ ನನ್ನ ಕಡೆ ಕಣ್ಣೆತ್ತಿ ನೋಡ್ಲಿಲ್ಲ. ಆ ಕಿಟಕಿ ಕಂಡಾಗೆಲ್ಲ ನಿಮ್ಮ ಮೇಲೆ ಮೈಯೆಲ್ಲ ಉರೀತಿತ್ತು."

ಹೆಂಡತಿಗೆ ಒಂದು ಕ್ಷಣ ಎದೆಯ ಭಾರ ಇಳಿದಂತಾಯಿತು. ಮರುಕ್ಷಣವೇ ಹೊಟ್ಟೆಯಲ್ಲಿ ಹೊಸದಾಗಿ ಬೆಂಕಿ ಬಿತ್ತು.

"ನಿಂದೂ ಅಲ್ಲ, ನಂದೂ ಅಲ್ಲ. ಹಾಗಾದ್ರೆ ಯಾವಳು ಅವಳು?"

ಫ್ರೇಮಿನಂಗಡಿಯವಳ ಅಳು ನಿಂತಿತು. ಹೆಂಡತಿ ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟಳು. "ಬಾ, ಕೂತ್ಕೋ."

ಅಷ್ಟರಲ್ಲಿ ಕಪ್ಪು ಕನ್ನಡಕದ ಅಪರಿಚಿತ ಹೆಂಗಸೊಬ್ಬಳು ಮೂಗೊರೆಸಿಕೊಳ್ಳುತ್ತ ಬಾಗಿಲು ದಾಟಿದಳು. ಹೆಣದ ಪಕ್ಕದಲ್ಲಿ ಕೂತ ಇಬ್ಬರೂ ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡು, ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆದರು.