ಒಂದು ಮೊಳ ಕರುಳು

ಹೊಯ್ಗೆಬಜಾರಿನ ಅಕ್ಕು ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಮೀನು ಮಾರಿ ಮಾರಿ ಮನುಷ್ಯರ ಬಣ್ಣ ನೋಡಿದವಳು, ನಗುನಗುತ್ತ ಮಾತಾಡುವ ಡಾಕ್ಟರನ್ನು ನಂಬುತ್ತಾಳೆಯೇ? ಆದರೆ ಮಗಳು ಕುಮುದಿನಿ ಹಟ ಹಿಡಿದಿದ್ದಳು. ವಯಸ್ಸು ಇಪ್ಪತ್ತಮೂರು ದಾಟಿತ್ತು. ನೋಡಲು ಬಂದ ನಾಲ್ಕು ಗಂಡಿನ ಕಡೆಯವರೂ ಹುಡುಗಿಯ ಗಾತ್ರ ಕಂಡು ಚಹಾ ಕುಡಿದು ಎದ್ದುಹೋಗಿದ್ದರು. ಈಗ, ಅರುವತ್ತೇಳನೇ ಇಸವಿಯಲ್ಲಿ, ಕೊಡಿಯಾಲ್‌ಬೈಲಿನ ಹೊಸ ನರ್ಸಿಂಗ್ ಹೋಮಿಗೆ ಪರದೇಶದಲ್ಲಿ ಕಲಿತ ಡೆನಿಸ್ ಡಾಕ್ಟರು ಬಂದು ವರ್ಷ ದಾಟಿದೆ, ಹೊಟ್ಟೆ ಕೊಯ್ದು ಮೈ ಇಳಿಸುತ್ತಾರಂತೆ.

“ಸಣ್ಣ ಕರುಳಿನಲ್ಲಿ ಒಂದು ಮೊಳದಷ್ಟು ಮಾತ್ರ ಕೆಲಸಕ್ಕೆ ಇಟ್ಟು, ಉಳಿದದ್ದನ್ನು ಬದಿಗೆ ಬಿಡ್ತೇವೆ,” ಎಂದರು ಡಾಕ್ಟರು, ತಾಯಿ ಮಗಳನ್ನು ಎದುರು ಕೂರಿಸಿಕೊಂಡು. “ತಿಂದದ್ದು ಮೈಗೆ ಹತ್ತುವುದಿಲ್ಲ. ಹೆದರುವಂಥದ್ದು ಎಂತ ಇಲ್ಲ.”

“ತಿಂದದ್ದರಲ್ಲಿ ಒಳ್ಳೆಯದೂ ಉಂಟಲ್ಲ ಡಾಕ್ಟ್ರೇ, ಅದು ಹತ್ತುವುದು ಬೇಡವಾ?” ಎಂದಳು ಅಕ್ಕು.

ಡಾಕ್ಟರು ಗಡಿಯಾರ ನೋಡಿದರು. ತಾಯಿಯ ಒಪ್ಪಿಗೆಯೂ ಬೇಕೆಂದು, ಹೆಬ್ಬೆಟ್ಟು ಒತ್ತುವ ಕಾಗದವನ್ನು ಕುಮುದಿನಿಯ ಕೈಗೆ ಕೊಟ್ಟು ಕಳಿಸಿದರು. ಸರಿಯಾದ ಉತ್ತರ ಇದ್ದವನು ಗಡಿಯಾರ ಯಾಕೆ ನೋಡಬೇಕು? ಅಕ್ಕುವಿನ ತಲೆಗೆ ಸಂಶಯ ಹೊಕ್ಕಿತು.

ಇದೇ ಡಾಕ್ಟರು ಹಿಂದಿನ ವರ್ಷ ಜೆಪ್ಪುವಿನ ಮಟಿಲ್ಡಾ ಟೀಚರಿಗೆ ಇದೇ ಆಪರೇಷನ್ ಮಾಡಿದ್ದರು. ಮರುದಿನ ಅಕ್ಕು ಬುಟ್ಟಿ ಹೊತ್ತು ನೆಟ್ಟಗೆ ಅಲ್ಲಿಗೇ ನಡೆದಳು.

ಟೀಚರು ನಿಜಕ್ಕೂ ಬಳುಕುವಷ್ಟು ಸಪೂರ ಆಗಿದ್ದರು. “ಫಸ್ಟ್ ಕ್ಲಾಸ್ ಇದ್ದೇನೆ ಅಕ್ಕು,” ಎಂದರು. ಆದರೆ ಬೂತಾಯಿ ಮೀನಿಗೆ ಚೌಕಾಸಿ ಮಾಡುವಷ್ಟರಲ್ಲೇ ಎರಡು ಸಲ ಹಿತ್ತಲ ಕಕ್ಕಸಿಗೆ ಓಡಿದರು. ಜಡೆಯಲ್ಲಿ ಹಿಡಿಯುವಷ್ಟು ಕೂದಲಿಲ್ಲ. ಮೈಯೆಲ್ಲ ಸಪೂರ, ಪಾದ ಮಾತ್ರ ದಪ್ಪ. ಇದೆಂಥ ಇಳಿಯುವುದು?

“ಅಯ್ಯೋ, ಬುಟ್ಟಿಯ ನೀರು ನಿಮ್ಮ ಕಾಲಿಗೆ ಬಿತ್ತು ಬಾಯಮ್ಮ,” ಎನ್ನುತ್ತ ಅಕ್ಕು ಸೆರಗಿನಿಂದ ಒರೆಸುವ ನೆವದಲ್ಲಿ ಪಾದಕ್ಕೆ ಹೆಬ್ಬೆರಳು ಒತ್ತಿದಳು. ಬಂದರಿನಲ್ಲಿ ಮೀನು ಕೊಳ್ಳುವಾಗ ದಿನಾ ಒತ್ತುವ ಬೆರಳು ಅದು. ತಾಜಾ ಮೀನಾದರೆ ಒತ್ತಿದ ಜಾಗ ಕೂಡಲೇ ಏಳುತ್ತದೆ, ಹಾಳಾದದ್ದರಲ್ಲಿ ಗುಳಿ ಉಳಿಯುತ್ತದೆ. ಟೀಚರ ಪಾದದಲ್ಲಿ ಗುಳಿ ಬಿದ್ದದ್ದು ಏಳಲೇ ಇಲ್ಲ.

ಟೀಚರು ಕಾಲು ಎಳೆದುಕೊಂಡರು. “ಯಾರ ಹತ್ರವೂ ಹೇಳಬೇಡ ಮಾರಾಯ್ತಿ,” ಎಂದರು ಮೆಲ್ಲಗೆ.

ಅಕ್ಕು ಆ ದಿನ ಉಳಿದ ಮನೆಗಳಿಗೆ ಹೋಗಲಿಲ್ಲ. ಹೆದರಿಕೆಯಲ್ಲಿ ದಾಪುಗಾಲು ಹಾಕಿ ಮನೆಗೆ ಬಂದು, ಬುಟ್ಟಿ ಇಳಿಸುವ ಮೊದಲೇ ಮಗಳಿಗೆ ಎಲ್ಲ ಹೇಳಿದಳು. ಕುಮುದಿನಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನನಗೆ ಗೊತ್ತುಂಟು. ಹೋದ ವಾರವೇ ಟೀಚರ ಮನೆಗೆ ಹೋಗಿ ಕೇಳಿದ್ದೆ. ಭೇದಿ ನಿಲ್ಲುವುದಿಲ್ಲ, ಕೈಕಾಲಲ್ಲಿ ಬಲ ಇಲ್ಲ, ಕಿಡ್ನಿಯಲ್ಲಿ ಕಲ್ಲು ಬೇರೆ. ಆದರೆ ಈಗ ಯಾರೂ ನಗುವುದಿಲ್ಲ ಅಂದ್ರು.”

“ನಗುವವರ ಬಾಯಿಗಾಗಿ ಜೀವ ಕೊಡ್ತೀಯಾ? ನಿನ್ನನ್ನು ನೋಡಿ ನಗುವವರು ಯಾರು? ಹೆಸರು ಹೇಳು, ನಾನು ವಿಚಾರಿಸ್ತೇನೆ.”

“ಮೊದಲು ನಿನ್ನದೇ ಹೇಳಬೇಕು ಅಮ್ಮ. ದಿನಾ ಬಟ್ಟಲು ಇಡುವಾಗ, ಇವಳನ್ನು ಯಾರು ಕಟ್ಟಿಕೊಳ್ತಾರೆ ಅಂತ ಹೇಳುವವಳು ನೀನೇ ಅಲ್ವಾ?”

ಅಕ್ಕು ಬುಟ್ಟಿ ಕೆಳಗಿಳಿಸಿದಳು. ಊರಿನವರನ್ನೆಲ್ಲ ಸಂಶಯದಿಂದ ನೋಡಿದವಳು ತನ್ನ ನಾಲಿಗೆಯನ್ನು ಮಾತ್ರ ಸಂಶಯಿಸಿರಲಿಲ್ಲ.

“ತಪ್ಪಾಯ್ತು ಮಗಾ. ಇನ್ನು ಹೇಳುವುದಿಲ್ಲ. ಈ ಕಾಗದಕ್ಕೆ ಹೆಬ್ಬೆಟ್ಟು ಮಾತ್ರ ಕೇಳಬೇಡ.”

ಕುಮುದಿನಿ ಕಾಗದವನ್ನು ಹರಿಯಲಿಲ್ಲ. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನೋಡುವ,” ಎಂದಳು, “ಎಷ್ಟು ದಿನ ಹೇಳದೆ ಇರ್ತಿ ಅಂತ.”