ತೆರೆದ ಕಣ್ಣಿನ ಮದುಮಗಳು

ಆ ಕೆಂಪು ಚುಕ್ಕಿ ಮತ್ತೆ ಮಿನುಗಿತು, ಕ್ಯಾಮೆರಾ ತನ್ನಷ್ಟಕ್ಕೆ ಇನ್ನೊಂದು ಚಿತ್ರ ತೆಗೆದುಕೊಂಡಿತು, ಈ ಕೋಣೆಯಲ್ಲಿ ನಿರಾಳವಾಗಿ ನಿಂತಿರುವುದು ಅದೊಂದೇ, ಬತೂಲ್‌ಗೆ ಕುತ್ತಿಗೆ ತಿರುಗಿಸಲೂ ಆಗುತ್ತಿಲ್ಲ — ಫೆಸ್ ಊರಿನ ಮದುವೆಯ ದೊಡ್ಡ ಉಡುಗೆ ಅಂದರೆ ಹಾಗೇ, ಜರಿಯ ಮೇಲೆ ಜರಿ, ಮುತ್ತಿನ ಮೇಲೆ ಮುತ್ತು, ದಿಂಬುಗಳ ನಡುವೆ ಕೂರಿಸಿ ಸೂಜಿ ಚುಚ್ಚಿ ಬಿಗಿದರೆ ಬೇರೆಯವರು ಬಿಚ್ಚುವ ತನಕ ಹೆಣ್ಣು ಅಲುಗಾಡುವ ಹಾಗಿಲ್ಲ, ಇದನ್ನೇ ತಾನೆ ಅವಳು ತಾನೇ ಕ್ಯಾಮೆರಾ ಹೂಡಿ ಚಿತ್ರದಲ್ಲಿ ಹಿಡಿಯಬೇಕೆಂದದ್ದು, ಮದುವೆ ಬೇಡವೆಂದ ತಾನು ಈ ಉಡುಗೆಯಲ್ಲಿ ಕೂತು ನೆಟ್ಟಗೆ ಕ್ಯಾಮೆರಾ ನೋಡಬೇಕು, ಅಜ್ಜಿ ನೋಡಲಿಲ್ಲ, ಅಮ್ಮ ನೋಡಲಿಲ್ಲ, ಗೋಡೆಯ ಮೇಲಿನ ಅವರ ಮದುವೆ ಚಿತ್ರಗಳಲ್ಲಿ ರೆಪ್ಪೆಗಳೆಲ್ಲ ಕೆಳಗೆ, ಸತ್ತವರ ಹಾಗೆ, ಚಿಕ್ಕಂದಿನಲ್ಲಿ ಅದನ್ನು ಕಂಡು ಹೆದರಿ ಅತ್ತಿದ್ದಳು. ಮದುಮಗಳನ್ನು ಸಿಂಗರಿಸುವ ಹಾಜ್ಜಾ ರಹ್ಮಾ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬೈದಿದ್ದಳು, ಕಣ್ಣು ಮುಚ್ಚೇ, ಇದನ್ನ ಉಟ್ಟು ಕಣ್ಣು ಬಿಟ್ಕೊಂಡು ಕೂತವಳನ್ನ ನಾನು ಕಂಡೇ ಇಲ್ಲ, ನಿನ್ನ ಮೂತಿಗೆ ಒಂಚೂರಾದ್ರೂ ನಾಚಿಕೆ ಬೇಡ್ವಾ. ಆಮೇಲೆ ನಮಾಜು ಮುಗಿಸಿ ಬರ್ತೀನಿ ಅಂತ ಕೆಳಗೆ ಹೋದವಳು ಇನ್ನೂ ಬಂದಿಲ್ಲ, ನಡುಪಟ್ಟಿ ಹೊಟ್ಟೆಗೆ ಒತ್ತುತ್ತಿದೆ, ಉಸಿರು ಅರ್ಧಕ್ಕೇ ನಿಲ್ಲುತ್ತಿದೆ, ಮತ್ತೆ ಕೆಂಪು ಚುಕ್ಕಿ, ಮತ್ತೆ ಚಿತ್ರ — ಅಮ್ಮ ಯಾಕೆ ಇಷ್ಟು ಸಲೀಸಾಗಿ ಒಪ್ಪಿದಳು, ಕ್ಯಾಮೆರಾ ಕಂಡರೆ ಮುಖ ಸಿಂಡರಿಸುವ ಅಮ್ಮ, ಉಡುಗೆ ನಾನೇ ಕೊಡಿಸ್ತೀನಿ ಅಂದಳಲ್ಲ, ಬೆಳಿಗ್ಗೆಯಿಂದ ಬಾದಾಮಿ ಕಡುಬು ಬೇಯಿಸುತ್ತಿದ್ದಳಲ್ಲ, ಪುದೀನಾ ಚಹಾದ ತಟ್ಟೆಯಲ್ಲಿ ಅಷ್ಟೊಂದು ಲೋಟ ಯಾರಿಗೆ, ಕೆಳಗೆ ಬಾಗಿಲು ತೆಗೆದ ಸದ್ದು, ಗುರುತಿಲ್ಲದ ಹೆಂಗಸರ ದನಿ, ಒಂದಲ್ಲ, ಎರಡಲ್ಲ, ಅಯ್ಯೋ, ಇದು ಚಿತ್ರ ತೆಗೆಯೋಕಲ್ಲ, ಹೆಣ್ಣು ನೋಡೋಕೆ.

ಹಾಜ್ಜಾ, ಬನ್ನಿ, ಸೂಜಿ ತೆಗೀರಿ — ಅರ್ಧ ಉಸಿರಿನ ಕೂಗು ಕೆಳಗಿನ ಮಾತಿನಲ್ಲಿ ಮುಳುಗಿತು, ಮೊಣಕೈ ಎತ್ತಿದರೆ ಸೂಜಿ ನಾಟುತ್ತದೆ, ಗಂಡಿನ ಕಡೆಯ ಹೆಂಗಸರ ಮುಂದೆ ಈ ಉಡುಗೆಯಲ್ಲಿ ರೆಪ್ಪೆ ತಗ್ಗಿಸಿದವಳು ಒಪ್ಪಿದ ಹಾಗೆಯೇ, ಆಮೇಲೆ ಯಾರೂ ಅವಳನ್ನು ಕೇಳುವುದಿಲ್ಲ, ಚಿಕ್ಕಮ್ಮನನ್ನು ಕೇಳಲಿಲ್ಲ, ಚಿಕ್ಕಮ್ಮ ಮೂರು ಮಕ್ಕಳಾದ ಮೇಲೂ ನಾನು ಹೂಂ ಅಂದಿರಲಿಲ್ಲ ಕಣೇ ಅನ್ನುತ್ತಾ ಬಟ್ಟೆ ಒಗೆಯುತ್ತಿದ್ದಳು, ಕಣ್ಣು ಬಿಟ್ಟಿರಬೇಕು ಅಷ್ಟೆ, ಅವರ ಮುಖವನ್ನೇ ನೋಡಬೇಕು, ಆಗ ಅವರೇ ನಾಚಿಕೆಗೆಟ್ಟವಳು ಅಂತ ಎದ್ದು ಹೋಗುತ್ತಾರೆ, ಇಡೀ ಮಧ್ಯಾಹ್ನ ಕಣ್ಣು ಬಿಟ್ಟೇ ಕೂತಿದ್ದಾಳೆ, ಇನ್ನೊಂದು ಗಳಿಗೆ ಬಿಡಲಾರಳೇ, ಮೆಟ್ಟಿಲ ಮೇಲೆ ಅಮ್ಮನ ದನಿ, ಬನ್ನಿ ಲಲ್ಲಾ ಸುಆದ್, ಬನ್ನಿ ಬೀಗಿತ್ತಿ, ಹುಡುಗಿ ಒಳಗೇ ಇದಾಳೆ, ಎಲ್ಲೂ ಓಡಿಹೋಗಲ್ಲ. ನಗು. ಕಿತ್ತಳೆ ಹೂವಿನ ಪನ್ನೀರಿನ ವಾಸನೆ, ಬಾಗಿಲು ಸರಿಯಿತು, ನೋಡು, ಬತೂಲ್, ನೋಡು, ಅವರು ಹತ್ತಿರ ಬಂದರು, ಯಾರೋ ಗಲ್ಲ ಹಿಡಿದರು, ಆ ಬೆರಳು ತಣ್ಣಗಿತ್ತು — ಯಾರೂ ಕಣ್ಣು ಮುಚ್ಚು ಅನ್ನಲಿಲ್ಲ, ರೆಪ್ಪೆ ತಾನಾಗಿಯೇ ಇಳಿಯಿತು. ಮಾಶಾಅಲ್ಲಾ, ಎಷ್ಟು ಸಂಕೋಚದ ಹುಡುಗಿ ಅಂತ ಯಾರೋ ಅಂದರು, ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಉಲುಲು ಅಂತ ಶುಭದ ಕೂಗು ಹಾಕಿದರು, ಎತ್ತು, ರೆಪ್ಪೆ ಎತ್ತು, ಎತ್ತೇ — ರೆಪ್ಪೆ ಏಳುತ್ತಿಲ್ಲ, ಅದರಾಚೆ ಕೆಂಪು ಚುಕ್ಕಿ, ಮತ್ತೆ ಕೆಂಪು ಚುಕ್ಕಿ, ಕೆಂಪು ಚುಕ್ಕಿ.